ಡಬ್ಬಿಯ ಮೇಲಿನ ಬಣ್ಣ ಏನು ಹೇಳುತ್ತದೆ?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಬಿತ್ತಿದವರಿಗೆ ಕಂಬಳಿಹುಳು, ಸುರುಳಿಪೂಚಿ, ಗೊಣ್ಣೆಹುಳುಗಳ ಕಾಟ ಹೊಸದಲ್ಲ. ಹುಳ ಕಂಡರೆ ಕಾಲು ಔಷಧಿ ಅಂಗಡಿ ಕಡೆಗೇ ತಿರುಗುತ್ತದೆ. ಅಲ್ಲಿ ಹೆಸರು ಕೇಳುವ ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೋಫಾಸ್, ಮೊನೊಕ್ರೊಟೊಫಾಸ್ ಎಲ್ಲವೂ ಒಂದೇ ವಂಶದವು: ಸಾವಯವ ರಂಜಕ ಕೀಟನಾಶಕಗಳು. ಹೊಸದಾಗಿ ಬೇಸಾಯಕ್ಕೆ ಇಳಿದವರು ಮೊದಲು ಈ ವಂಶದ ಗುಣ ತಿಳಿಯಬೇಕು.

ನಮ್ಮ ನರಗಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ಸ್ನಾಯುಗಳಿಗೆ ಸಂದೇಶ ಕಳಿಸುತ್ತವೆ. ಕೆಲಸ ಮುಗಿದ ಕೂಡಲೇ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ಈ ವಿಷ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಸ್ವಿಚ್ ಕೆಟ್ಟು ನಿಲ್ಲದೆ ಓಡುವ ಬೋರ್‌ವೆಲ್ ಮೋಟರಿನಂತೆ ನರಗಳು ದುಡಿಯುತ್ತಲೇ ಇರುತ್ತವೆ. ಹುಳ ಸಾಯುವುದು ಹೀಗೆ. ಮನುಷ್ಯನಿಗೆ ವಿಷವೇರುವುದೂ ಹೀಗೆಯೇ. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ವಿಪರೀತ ಬೆವರು, ವಾಂತಿ, ಭೇದಿ, ಕಿರಿದಾದ ಕಣ್ಣಪಾಪೆ, ಮೈ ಅದುರು, ಕೊನೆಗೆ ಉಸಿರಾಟದ ತೊಂದರೆ.

ವಿಷ ಒಳಹೋಗಲು ಕುಡಿಯಲೇಬೇಕೆಂದಿಲ್ಲ. ಬೆನ್ನಿಗೆ ಹೊತ್ತ ಸ್ಪ್ರೇಯರ್ ಸೋರಿ ಅಂಗಿ ನೆನೆದರೂ ಚರ್ಮದಿಂದ ಇಳಿಯುತ್ತದೆ. ಕಟ್ಟಿದ ನಾಜಲ್ಲನ್ನು ಬಾಯಿಂದ ಊದುವುದು, ಬಕೆಟ್ಟಿನಲ್ಲಿ ಬರಿಗೈಯಿಂದ ಕಲಸುವುದು, ಗಾಳಿಗೆ ಎದುರಾಗಿ ಹೊಡೆಯುವುದು ನಮ್ಮಲ್ಲಿ ದಿನನಿತ್ಯ ಕಾಣುವ ತಪ್ಪುಗಳು.

ಇನ್ನು ಡಬ್ಬಿ ನೋಡಿ. ಲೇಬಲ್ಲಿನ ಮೇಲೆ ಎರಡು ತ್ರಿಕೋನ ಸೇರಿದ ಚೌಕವಿರುತ್ತದೆ. ಕೆಳಗಿನ ತ್ರಿಕೋನ ಕೆಂಪಾದರೆ ಅತಿ ವಿಷ, ಹಳದಿಯಾದರೆ ಹೆಚ್ಚು ವಿಷ. ನೀಲಿ, ಹಸಿರು ಅದಕ್ಕಿಂತ ಕಡಿಮೆ. ಮೊನೊಕ್ರೊಟೊಫಾಸ್ ಕೆಂಪಿನದು, ಕ್ಲೋರ್‌ಪೈರಿಫಾಸ್ ಹಳದಿಯದು.

ಕೆಂಪಿನ ಬೆಲೆ ಎಷ್ಟೆಂದು ಕರ್ನಾಟಕ ಕಂಡಿದೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಬಿಸಿಯೂಟದಲ್ಲಿ ಮೊನೊಕ್ರೊಟೊಫಾಸ್ ಸೇರಿ 23 ಮಕ್ಕಳು ಸತ್ತರು. ತರಕಾರಿಗೆ ಇದನ್ನು ಹೊಡೆಯಬಾರದೆಂದು 2005ರಲ್ಲೇ ಆದೇಶವಾಗಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಶೇ 36ರ ದ್ರಾವಣವನ್ನೇ ಹಂತಹಂತವಾಗಿ ನಿಲ್ಲಿಸಲು ಆದೇಶಿಸಿತು.

ಬೆಳೆ ತಿನ್ನುವವರ ಲೆಕ್ಕವೂ ಇದೆ. ಔಷಧಿ ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕೆಂದು ಲೇಬಲ್ ಹೇಳುತ್ತದೆ. ಸೊಪ್ಪಿನ ಮೇಲೆ ಉಳಿದ ವಿಷ ಏನು ಮಾಡುತ್ತದೆಂದು ರೇಷ್ಮೆ ಸಾಕುವವರಿಗೆ ಕಲಿಸಬೇಕಿಲ್ಲ: ಪಕ್ಕದ ಹೊಲದ ಸಿಂಪರಣೆ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿಗೆ ತಗುಲಿದರೂ ಹುಳ ಸಾಯುತ್ತದೆಂದು ಅವರಿಗೆ ಗೊತ್ತು. ಈರುಳ್ಳಿ, ಟೊಮೆಟೊ, ಬದನೆ ತಿನ್ನುವ ಮಕ್ಕಳ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು.

ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರಿಲ್ಲದಿದ್ದರೆ ಆ ಔಷಧಿ ಕೊಳ್ಳಬೇಡಿ. ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಹಾಕಿ. ಖಾಲಿ ಡಬ್ಬಿಯನ್ನು ನೀರಿಗೂ ಎಣ್ಣೆಗೂ ಬಳಸಬೇಡಿ. ಯಾರಿಗಾದರೂ ವಿಷವೇರಿದರೆ ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆಯಿರಿ. ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನೂ ಒಯ್ಯಿರಿ. ಈ ವಿಷಕ್ಕೆ ಅಟ್ರೋಪಿನ್ ಎಂಬ ಮದ್ದಿದೆ. ಯಾವ ವಿಷವೆಂದು ತಿಳಿದರೆ ವೈದ್ಯರು ತಡಮಾಡದೆ ಕೊಡಬಲ್ಲರು.