ಕರೆಗೆ ವಯಸ್ಸಿಲ್ಲ



ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಬೀದರ್, ಕಲಬುರಗಿ ಕಡೆಯ ಹುಡುಗರು ನನ್ನನ್ನು ಆಗಾಗ ಕೇಳುತ್ತಾರೆ: "ಸ್ವಾಮಿ, ಈಗ ನೈಟ್ ಶಿಫ್ಟ್ ಇದೆ. ಮಾಲೆ ಮುಂದೆ ಯಾವಾಗಲಾದರೂ ಹಾಕಿದರಾಯಿತಲ್ಲ?"

ಸ್ವಾಮಿಗಳೇ, ಭಗವಂತನ ಕರೆಗೆ ಇಂಥದೇ ವಯಸ್ಸು ಎಂದಿಲ್ಲ. ತಾಯಿಗಾಗಿ ಹುಲಿಹಾಲು ತರಲು ಕಾಡಿಗೆ ಹೊರಟಾಗ ಮಣಿಕಂಠ 12ರ ಬಾಲಕ. ವ್ಯಾಪಾರ, ಸಂಸಾರದ ನಡುವೆಯೇ ಕರೆ ಕೇಳಿದ ಶ್ರೀನಿವಾಸ ನಾಯಕರು ಪುರಂದರದಾಸರಾದರು. ಶಬರಿಗೆ ರಾಮದರ್ಶನವಾದದ್ದು ಮುಪ್ಪಿನಲ್ಲಿ. ಪಂಪೆಯಿಂದ ನೀಲಿಮಲೆ ಹತ್ತಿ ಹೋದರೆ ಆ ತಾಯಿಯ ನೆನಪಿನ ಶಬರಿಪೀಠ ಸಿಗುತ್ತದೆ.

ಮೊದಲ ಸಲ ಮಲೆಗೆ ಹೊರಟವರು 60 ವರ್ಷದವರಾದರೂ ಕನ್ನಿಸ್ವಾಮಿಯೇ. ಶರಂಕುತ್ತಿಯಲ್ಲಿ ಅವರೂ ಶರ ಚುಚ್ಚುತ್ತಾರೆ. ತಡವಾಯಿತೆಂದು ಅಯ್ಯಪ್ಪ ಯಾರನ್ನೂ ಹಿಂದೆ ಕಳಿಸುವುದಿಲ್ಲ.

ಹಾಗಾದರೆ ಮುಂದೂಡಬಹುದೇ? ಶಬರಿಯನ್ನೇ ನೋಡಿ. ದರ್ಶನ ಮುಪ್ಪಿನಲ್ಲಾಯಿತು, ಆದರೆ ಆಕೆ ಕಾದದ್ದು ದಿನದಿನವೂ. ನಮಗೂ ಅಷ್ಟೇ. ಶಿಫ್ಟ್ ಮುಗಿಸಿ ಬಂದು ಸ್ನಾನ ಮಾಡಿ, ದೀಪ ಹಚ್ಚಿ, ಶರಣು ಕೂಗಿ. 41 ದಿನದ ವ್ರತವನ್ನು ಕೆಲಸದ ಜೊತೆ ನಡೆಸುವ ಬಗೆಯನ್ನು ಗುರುಸ್ವಾಮಿಯಿಂದ ಕೇಳಿ ತಿಳಿಯಿರಿ. ಬಿಡುವಾದ ಮೇಲೆ ಭಕ್ತಿ ಎಂದರೆ ಆ ಬಿಡುವು ಬರುವುದೇ ಇಲ್ಲ.

ಸ್ವಾಮಿಯೇ ಶರಣಮಯ್ಯಪ್ಪ.