ಚೀಟಿ ಇಲ್ಲದಿದ್ದರೂ ಚಿಕಿತ್ಸೆ ಕೊಡಲೇಬೇಕು

ಕೊರೊನಾದ ಎರಡನೇ ಅಲೆ ಉಕ್ಕೇರಿದ್ದಾಗ, 2021ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು: ಸ್ಥಳೀಯ ವಾಸದ ದಾಖಲೆಯೋ ಗುರುತಿನ ಚೀಟಿಯೋ ಇಲ್ಲವೆಂದು ಯಾವ ರೋಗಿಗೂ ಆಸ್ಪತ್ರೆಯ ಹಾಸಿಗೆಯನ್ನಾಗಲಿ, ಅಗತ್ಯ ಔಷಧವನ್ನಾಗಲಿ ನಿರಾಕರಿಸುವಂತಿಲ್ಲ. ಮೇ 6ರಂದು ಕೇಂದ್ರ ಆರೋಗ್ಯ ಸಚಿವಾಲಯವು ಚೀಟಿಯಿಲ್ಲದ ಅಲೆಮಾರಿಗಳಿಗೂ ಲಸಿಕೆ ಹಾಕುವ ಕ್ರಮವನ್ನು ಗೊತ್ತುಪಡಿಸಿತು. ಅಷ್ಟರಲ್ಲಿ ಸೋಂಕು ಶುರುವಾಗಿ ವರ್ಷವೇ ಕಳೆದಿತ್ತು. ಆ ವಿಳಂಬ ನನಗೆ ಇಂದಿಗೂ ನೋವಿನ ಸಂಗತಿ. ಸಂತೆ, ಜಾತ್ರೆ ನಂಬಿ ಊರೂರು ತಿರುಗುವ ಹರಣಶಿಕಾರಿ ಕುಟುಂಬಕ್ಕೆ ಸವದತ್ತಿಯ ಯಲ್ಲಮ್ಮನ ಗುಡ್ಡದ ದೇವಸ್ಥಾನದ ಬಾಗಿಲು ಮುಚ್ಚಿದರೆ ದುಡಿಮೆಯೂ ಇಲ್ಲ, ತೋರಿಸಲು ಕಾಗದವೂ ಇಲ್ಲ.

ಚಿಕಿತ್ಸೆ ಪಡೆಯುವ ಈ ಹಕ್ಕು ಕೊರೊನಾ ಕಾಲಕ್ಕಷ್ಟೇ ಸೀಮಿತವಲ್ಲ. ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ನಿರಾಕರಿಸಿದರೆ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಪರಿಶಿಷ್ಟ ಪಂಗಡದವರನ್ನು ಜಾತಿಯ ಕಾರಣಕ್ಕೆ ಆಸ್ಪತ್ರೆಯಿಂದಲೋ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೋ ತಡೆದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಝಡ್‌ಎ) ಪ್ರಕಾರ ಅಪರಾಧ. ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಸೋಂಕಿನ ನೆಪದಲ್ಲಿ ಇಡೀ ಕೇರಿಗೆ ಬಹಿಷ್ಕಾರ ಹಾಕುವುದೂ ಅದೇ ಕಾಯ್ದೆಯಡಿ ಬರುತ್ತದೆ.

ಚಿಕಿತ್ಸೆ ನಿರಾಕರಿಸಿದವರಿಗೆ ‘ಹಿಂಬರಹ ಕೊಡ್ರಿ’ ಎನ್ನಿ. ಕೊಡದಿದ್ದರೆ ದಿನಾಂಕ, ವೇಳೆ, ಎದುರಿಗಿದ್ದವರ ಹೆಸರು ಬರೆದಿಟ್ಟುಕೊಳ್ಳಿ. ಪಕ್ಕದವರ ಸಾಕ್ಷಿ ಮುಂದೆ ಬಲವಾಗುತ್ತದೆ. ಠಾಣೆಯಲ್ಲಿ ದೂರು ಕೊಟ್ಟರೆ ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು.

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಬೈಲಹೊಂಗಲ ಉಪವಿಭಾಗಕ್ಕೆ ಸೇರಿದ ತಾಲ್ಲೂಕುಗಳು. ದೌರ್ಜನ್ಯ ಪ್ರಕರಣಗಳ ಉಪವಿಭಾಗ ಮಟ್ಟದ ಜಾಗೃತಿ ಸಮಿತಿಗೆ ಉಪವಿಭಾಗಾಧಿಕಾರಿಯೇ ಅಧ್ಯಕ್ಷರು. ಆರೋಗ್ಯ ಕೇಂದ್ರದ ದೂರನ್ನು ಅವರ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಜಾತಿ ಪ್ರಮಾಣಪತ್ರವನ್ನು ತಹಸೀಲ್ದಾರರು ತಿರಸ್ಕರಿಸಿದರೆ ಮೇಲ್ಮನವಿ ಹೋಗುವುದೂ ಉಪವಿಭಾಗಾಧಿಕಾರಿಯಲ್ಲಿಗೇ, ಆದೇಶ ಕೈಸೇರಿದ 30 ದಿನದೊಳಗೆ. ಈ ಪ್ರಮಾಣಪತ್ರವನ್ನು ರೋಗ ಬರುವ ಮೊದಲೇ ಮಾಡಿಸಿಡಿ ಎಂದು ಒತ್ತಿ ಹೇಳುತ್ತೇನೆ. 2020ರ ತಿದ್ದುಪಡಿಯಿಂದ ನಾಯಕ ಸಮುದಾಯದ ಪರ್ಯಾಯ ಹೆಸರುಗಳಾಗಿ ತಳವಾರ, ಪರಿವಾರ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿವೆ. ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳೂ ಸೇರಿದ್ದಾರೆ. ಇದು ತಿಳಿಯದೆ ಕಚೇರಿಯವರು ಹಳೆಯ ಪಟ್ಟಿ ಹಿಡಿದು ವಾಪಸ್ ಕಳಿಸಿದರೆ ತಿದ್ದುಪಡಿಯ ಪ್ರತಿ ತೋರಿಸಿ.

ಖಾಸಗಿ ಆಸ್ಪತ್ರೆ ಬಿಲ್ ಬಾಕಿಗೆ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ಅಂಥ ದೂರು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ಹೋಗಬೇಕು.

ವಕೀಲರ ಖರ್ಚಿಗೆ ಅಂಜಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಪರಿಶಿಷ್ಟ ಪಂಗಡದವರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. 15100ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ.