ವಚನ ಓದಿ, ಮಾತ್ರೆ ಬಿಡಬೇಡಿ

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಪ್ರಾರ್ಥನಾ ಕೂಟದ ಮುಖಂಡರು ಯಾಕೋಬ 5:14-15 ತೋರಿಸಿ ‘ಮಾತ್ರೆ ಬೇಡ’ ಎನ್ನುತ್ತಾರೆ. ದೇವಶಾಸ್ತ್ರ ಕಲಿಯದ ನಾನು ಪ್ರಶ್ನಿಸಬಹುದೇ?
– ಓದುಗರು, ಮಂಗಳೂರು

ಉತ್ತರ: ಖಂಡಿತ. ಅಪೊಸ್ತಲ ಪೌಲನ ಮಾತನ್ನೇ ಬೆರೋಯದ ಯೆಹೂದ್ಯರು ಶಾಸ್ತ್ರಕ್ಕೆ ಹೋಲಿಸಿ ಪರೀಕ್ಷಿಸಿದರು (ಅಪೊಸ್ತಲರ ಕೃತ್ಯಗಳು 17:11), ಅದಕ್ಕೆ ಮೆಚ್ಚುಗೆಯೇ ಸಿಕ್ಕಿತು.

ಮೊದಲು ಯಾಕೋಬ 5ನೇ ಅಧ್ಯಾಯ ಪೂರ್ತಿ ಓದಿ. ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂದಿದೆ, ಔಷಧ ಬಿಡಿ ಎಂದಿಲ್ಲ. ಬಳಿಕ ಬೇರೆ ಭಾಗಗಳನ್ನು ನೋಡಿ: ಲೂಕ ವೈದ್ಯ (ಕೊಲೊಸ್ಸೆ 4:14), ತಿಮೊಥೆಯನ ಹೊಟ್ಟೆಯ ತೊಂದರೆಗೆ ಪೌಲ ಸೂಚಿಸಿದ್ದು ತುಸು ದ್ರಾಕ್ಷಾರಸ (1 ತಿಮೊಥೆ 5:23). ಎರಡು ಅನುವಾದ ಹೋಲಿಸಿ.

ಗ್ರೀಕ್ ಮೂಲ, ಚರಿತ್ರೆಯ ಹಿನ್ನೆಲೆ ಬೇಕಾದಾಗ ನಿಮ್ಮ ಸಭಾಪಾಲಕರನ್ನೋ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಅಧ್ಯಾಪಕರನ್ನೋ ಕೇಳಿ.

ಮಾತ್ರೆ ನಿಲ್ಲಿಸಿದ್ದರೆ ಇವತ್ತೇ ವೈದ್ಯರನ್ನು ಕಾಣಿ. ಡೋಸ್ ಬದಲಿಸುವುದು ಅವರ ಕೆಲಸ, ಕೂಟದ್ದಲ್ಲ.